ಮಧ್ಯಾಹ್ನ ಮೂರಕ್ಕೆ ನೀಲಿ ಪರದೆ

ಪ್ರಶ್ನೆ: ಹುಮನಾಬಾದ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ ಪ್ರಿಂಟ್, ಸ್ಕಾಲರ್‌ಶಿಪ್ ಅರ್ಜಿ, ಜೆರಾಕ್ಸ್ ಮಾಡುತ್ತೇನೆ. ಹತ್ತಿರದಲ್ಲೇ ಬೇಳೆ ಮಿಲ್ಲು. ಬೆಳಿಗ್ಗೆ ಕಂಪ್ಯೂಟರ್ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ಪರದೆ ನೀಲಿಯಾಗಿ, 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ ಬಂದು ರೀಸ್ಟಾರ್ಟ್ ಆಗುತ್ತದೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ, ಸರಿಹೋಗಲಿಲ್ಲ. ಈಗ ಕೆಲವು ಸ್ಕ್ಯಾನ್ ಫೈಲುಗಳೂ ತೆರೆಯುತ್ತಿಲ್ಲ. ಮೊದಲು 4 ಜಿಬಿ ರ‍್ಯಾಮ್ ಇತ್ತು, ಹೋದ ವರ್ಷ ಇನ್ನೊಂದು 4 ಜಿಬಿ ಹಾಕಿಸಿದ್ದೆ. ಹೊಸ ಕಂಪ್ಯೂಟರ್ ತಗೋಬೇಕಾ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಬೇಡ ಅಕ್ಕಾವ್ರೇ, ಈಗಲೇ ದುಡ್ಡು ಹಾಕಬೇಡಿ. ಮೂರನೇ ಸಲ ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ನೀವು ಬರೆದದ್ದು ನೋಡಿದರೆ ನನಗೆ ಅನುಮಾನ ಬರುವುದು, ಕೆಲಸ ನಡೆಯುವಾಗ ಎಲ್ಲವನ್ನೂ ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ ಪಟ್ಟಿಯಾದ ರ‍್ಯಾಮ್ ಮೇಲೆ.

ಮೊದಲು ಒಂದು ಮಾತು. ಆ ಕಂಪ್ಯೂಟರಿನಲ್ಲಿ ಇವತ್ತಿನಿಂದ ಏನನ್ನೂ ಸೇವ್ ಮಾಡಬೇಡಿ, ಪೆನ್‌ಡ್ರೈವಿಗೂ ಕಾಪಿ ಮಾಡಬೇಡಿ. ಕಾಪಿ ಆಗುವ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಹೋಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಫೈಲೂ ಕೆಡುತ್ತದೆ, ಅದೂ ಗೊತ್ತೇ ಆಗದ ಹಾಗೆ. ನನ್ನ ತಂಗಿಯ ಮದುವೆ ಫೋಟೋಗಳನ್ನು ಹೀಗೇ ಕಳೆದುಕೊಂಡೆ. ಕ್ಯಾಮೆರಾ ಕಾರ್ಡಿನಿಂದ ಕಾಪಿ ಮಾಡಿ, ಕಾರ್ಡು ಖಾಲಿ ಮಾಡಿದ್ದೆ. ಆಮೇಲೆ ತೆರೆದರೆ ಅಕ್ಷತೆ ಹಾಕುವ ಫೋಟೋದಲ್ಲಿ ಮೇಲಿನ ಅರ್ಧ ಸರಿಯಾಗಿದೆ, ಬಾಸಿಂಗ, ಮುಖ ಎಲ್ಲ ಕಾಣುತ್ತದೆ. ಕೊರಳಿನಿಂದ ಕೆಳಗೆ ಬರೀ ಬೂದಿ ಬಣ್ಣ. ಆ ಸಂಕಟ ನಿಮಗೆ ಬೇಡ. ಮುಖ್ಯ ಫೈಲುಗಳಿದ್ದರೆ ಡಿಸ್ಕ್ ಬಿಚ್ಚಿಸಿ, ಬೇರೆ ಕಂಪ್ಯೂಟರಿಗೆ ಹಾಕಿ ತೆಗೆದುಕೊಳ್ಳಿ.

ಮಧ್ಯಾಹ್ನವೇ ಯಾಕೆ ಅಂತ ಕೇಳಬಹುದು. ರ‍್ಯಾಮ್ ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಕೋಶಗಳಿವೆ. ಒಂದೊಂದೂ ಚೂರು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಸೋರುತ್ತಲೇ ಇರುತ್ತದೆ, ನಮ್ಮ ಮನೆಯ ನೀರಿನ ಹರವಿ ಜಿನುಗುವ ಹಾಗೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಕೋಶವನ್ನೂ ಕಂಪ್ಯೂಟರ್ ತಾನೇ ಮತ್ತೆ ತುಂಬುತ್ತದೆ. ಬಿಸಿ ಏರಿದಷ್ಟೂ ಸೋರುವುದು ಜಾಸ್ತಿ. ಗಟ್ಟಿ ಕೋಶ ತಡೆಯುತ್ತದೆ, ದುರ್ಬಲ ಕೋಶ ತುಂಬುವ ಮೊದಲೇ ಖಾಲಿ ಆಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 42, 43 ಡಿಗ್ರಿ ಇರುತ್ತದೆ. ಧೂಳು ತುಂಬಿದ ಡಬ್ಬಿಯೊಳಗೆ ಹೇಗಿರಬೇಡ!

ಈಗ ಪರೀಕ್ಷೆ. ಸರ್ಚ್‌ನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್' ಅಂತ ಹುಡುಕಿ ಓಡಿಸಿ. ರೀಸ್ಟಾರ್ಟ್ ಆಗಿ ಪರೀಕ್ಷೆ ಶುರುವಾದಾಗ ಎಫ್1 ಒತ್ತಿ, 'ಎಕ್ಸ್‌ಟೆಂಡೆಡ್' ಆರಿಸಿ, ಎಫ್10 ಒತ್ತಿ. ಇದರಲ್ಲಿ ತಪ್ಪು ಸಿಕ್ಕರೆ ನಂಬಬಹುದು. ಸಿಗದಿದ್ದರೆ ಅಷ್ಟಕ್ಕೇ ಬಿಡಬೇಡಿ. ಮೆಮ್‌ಟೆಸ್ಟ್86 ಪ್ಲಸ್ ಅಂತ ಉಚಿತ ತಂತ್ರಾಂಶವಿದೆ. ಬೇರೆ ಕಂಪ್ಯೂಟರಿನಲ್ಲಿ ಖಾಲಿ ಪೆನ್‌ಡ್ರೈವಿಗೆ ಹಾಕಿಸಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ (ಬೂಟ್ ಮಾಡಿ). ರಾತ್ರಿ ತಂಪಿನಲ್ಲಿ ಓಡಿಸಿ ಪಾಸಾಯಿತು ಅನ್ನಬೇಡಿ. ತೊಂದರೆ ಬರುವ ಹೊತ್ತಿನಲ್ಲೇ, ಮಧ್ಯಾಹ್ನ ಒಂದರಿಂದ ಐದರವರೆಗೆ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ.

ತಪ್ಪು ಬಂತು ಅಂದುಕೊಳ್ಳಿ. ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಡಬ್ಬಿಯ ಬಣ್ಣವಿಲ್ಲದ ಲೋಹ ಮುಟ್ಟಿಯೇ ಕೈ ಹಾಕಿ. ನಮ್ಮ ಒಣ ಹವೆಯಲ್ಲಿ ಬಟ್ಟೆಯಿಂದ ಬರುವ ಸ್ಥಿರ ವಿದ್ಯುತ್ತಿನ ಚುರುಕು ಸಾಕು, ರ‍್ಯಾಮ್ ಹಾಳಾಗಲು. ಎರಡೂ ಕಡೆಯ ಕ್ಲಿಪ್ ಸರಿಸಿ ರ‍್ಯಾಮ್ ತೆಗೆಯಿರಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳು ಮಾಸಿದ್ದರೆ, ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಪುಡಿ ಪೂರಾ ಒರೆಸಿ. ಅದು ಕೂರುವ ಸ್ಲಾಟಿನ ಧೂಳು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ, ಬಾಯಿಂದ ಊದಬೇಡಿ. ಮಿಲ್ಲಿನ ಧೂಳಾದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹೋಗದಿದ್ದರೆ ಒಂದೇ ರ‍್ಯಾಮ್ ಹಾಕಿ ಪರೀಕ್ಷೆ, ಆಮೇಲೆ ಅದೇ ಸ್ಲಾಟಿಗೆ ಇನ್ನೊಂದು. ಒಂದರಲ್ಲಿ ಮಾತ್ರ ತಪ್ಪು ಬಂದರೆ ಆ ರ‍್ಯಾಮ್ ಕೆಟ್ಟಿದೆ. ಎರಡರಲ್ಲೂ ಬಂದರೆ ಸ್ಲಾಟ್ ಬದಲಿಸಿ ನೋಡಿ, ಬೋರ್ಡಿನದೇ ತೊಂದರೆ ಇರಬಹುದು. ಬೇರೆ ಬೇರೆಯಾಗಿ ಎರಡೂ ಪಾಸಾಗಿ, ಜೊತೆಗೆ ಹಾಕಿದಾಗ ಮಾತ್ರ ತಪ್ಪು ಬಂದರೆ ಅವೆರಡಕ್ಕೂ ಹೊಂದಾಣಿಕೆ ಇಲ್ಲದಿರಬಹುದು, ಇಲ್ಲವೇ ಎರಡನೇ ಸ್ಲಾಟ್ ಕೆಟ್ಟಿರಬಹುದು. ಹೋದ ವರ್ಷ ಹಾಕಿಸಿದ್ದರ ಬಿಲ್ ಹುಡುಕಿ, ವಾರಂಟಿ ಇರಬಹುದು. ಹೊಸದು ತರುವುದಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಡಿಡಿಆರ್3, ಡಿಡಿಆರ್4 ಅಂತ ಬೇರೆ ಬೇರೆ ಬಗೆಯ ರ‍್ಯಾಮ್ ಇವೆ, ಎರಡರ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ.

ರ‍್ಯಾಮ್ ಸರಿಯಾದ ಮೇಲೆಯೇ ವಿಂಡೋಸ್ ಹಾಕಿಸಿ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ಹಾಕಿದ ವಿಂಡೋಸ್ ಕೂಡ ಕೆಟ್ಟೇ ಕೂತಿರುತ್ತದೆ. ತೆಗೆದ ರ‍್ಯಾಮ್ ಮೇಲೆ ಮಾರ್ಕರಿನಿಂದ ದೊಡ್ಡದಾಗಿ ಕಾಟು ಹಾಕಿಡಿ, ಯಾರೂ ಗೊತ್ತಿಲ್ಲದೆ ಇನ್ನೊಂದು ಕಂಪ್ಯೂಟರಿಗೆ ಹಾಕದಿರಲಿ.