ಹಿತ್ತಲಿಗೆ ಬರುವ ಹಳದಿ ಚಿಟ್ಟೆಗಳು

ಪ್ರಶ್ನೆ: ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಹಿತ್ತಲಿನಲ್ಲಿ ಪುಟ್ಟ ಹಳದಿ ಚಿಟ್ಟೆಗಳು ಜಾಸ್ತಿಯಾಗಿವೆ. ತರಕಾರಿ ಗಿಡ ಹಾಳಾಗುತ್ತದೆಯೇ? ಔಷಧಿ ಹೊಡೆಯಬೇಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಔಷಧಿ ಡಬ್ಬ ಒಳಗಿಡಿ! ನೆಲದ ಹತ್ತಿರವೇ ಹಾರಾಡುತ್ತಾ, ರೆಕ್ಕೆಯ ಮೇಲ್ಬದಿಗೆ ಕಪ್ಪು ಅಂಚಿದ್ದರೆ ಅವು ಬಹುತೇಕ 'ಕಾಮನ್ ಗ್ರಾಸ್ ಯೆಲ್ಲೋ' ಚಿಟ್ಟೆಗಳು. ರೆಕ್ಕೆ ಬಿಚ್ಚಿದರೆ 4ರಿಂದ 5 ಸೆಂ.ಮೀ. ಅಗಲ, ಅಷ್ಟೇ. ಆದರೆ ಆ ಅಂಚನ್ನು ನೋಡುವುದೇ ಕಷ್ಟ, ಯಾಕೆಂದರೆ ಕೂತ ಕೂಡಲೇ ರೆಕ್ಕೆ ಮುಚ್ಚಿಬಿಡುತ್ತವೆ, ಹಾರುವಾಗಲೇ ಕಣ್ಣಿಡಬೇಕು.

ನಿಮ್ಮ ಬದನೆ, ಟೊಮ್ಯಾಟೊ ಇವಕ್ಕೆ ಬೇಡ. ಹೆಸರಿನಲ್ಲಿ ಹುಲ್ಲಿದ್ದರೂ ಮರಿಹುಳ ಹುಲ್ಲು ತಿನ್ನುವುದಿಲ್ಲ. ತಗಚೆ, ರತ್ನಗಂಧಿಯಂಥ ಗಿಡಗಳ ಎಳೆ ಎಲೆಯ ಮೇಲೆ ತಾಯಿ ಚಿಟ್ಟೆ ಒಂದೊಂದೇ ಬಿಳಿ ಮೊಟ್ಟೆ ಇಟ್ಟು ಹೋಗುತ್ತದೆ. ಹಸಿರು ಹುಳ ಎಲೆಯ ಬಣ್ಣದಲ್ಲೇ ಬೆರೆತುಹೋಗುವುದರಿಂದ ಸುಮ್ನೆ ನೋಡಿದರೆ ಸಿಗುವುದಿಲ್ಲ, ಕಚ್ಚಿದ ಎಲೆ ಹುಡುಕಿ ಅದರ ಆಸುಪಾಸು ನೋಡಿ. ಅಗಸೆ ಗಿಡವಿದ್ದರೆ ಅದರಲ್ಲೂ ಸಿಗಬಹುದು, ನಾಲ್ಕು ಎಲೆ ಹೋದರೆ ಹೋಗಲಿ ಬಿಡಿ, ಮತ್ತೆ ಚಿಗುರುತ್ತದೆ ಅಲ್ವಾ?

ಒದ್ದೆ ಮಣ್ಣಿನಲ್ಲಿ ಗುಂಪಾಗಿ ಕೂತಿದ್ದರೆ ಅವು ಹೆಚ್ಚಾಗಿ ಗಂಡುಗಳು, ನೀರಿನ ಜೊತೆ ಉಪ್ಪಿನಂಶ ಹೀರುತ್ತಿರುತ್ತವೆ. ನಲ್ಲಿಯ ಪಕ್ಕ ಒಂದಿಷ್ಟು ಜಾಗ ತೇವವಾಗಿಡಿ, ಕಳೆಯನ್ನೂ ಪೂರ್ತಿ ಕೀಳಬೇಡಿ. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೋದರೆ ಚೆನ್ನಾಗಿ ಕಾಣುತ್ತವೆ, ಮೋಡ ಕವಿದ ದಿನ ಕಾಯುವುದು ದಂಡ.