23 ಶಿಲ್ಪ, ಎರಡು ಗಂಟೆ

ಓದುಗರ ಪತ್ರ:

ವಿಶ್ವವಿದ್ಯಾಲಯಗಳ ಬಯಲು ಶಿಲ್ಪಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದ್ದೆ. ಮಗಳು ಓದುತ್ತಿರುವ ಕ್ಯಾಂಪಸ್‌ಗೆ ಹೋದಾಗ, ಅಲ್ಲಿರುವುದನ್ನೆಲ್ಲ ನೋಡಿಯೇ ಬಿಡೋಣ ಅಂತ ಹೊರಟೆ. ಕೈಯಲ್ಲಿ ನಕ್ಷೆ ಇತ್ತು. ಎರಡು ಗಂಟೆಯಲ್ಲಿ 23 ಶಿಲ್ಪ ನೋಡಿದೆ, ಎಲ್ಲದರ ಫೋಟೊ ತೆಗೆದೆ. ನಿಜ ಹೇಳಬೇಕೆಂದರೆ ಒಂದೂ ತಲೆಗೆ ಹತ್ತಲಿಲ್ಲ. ಬಾಗಿಸಿದ ಕಬ್ಬಿಣ, ತೂತು ಕೊರೆದ ಕಲ್ಲು. ಕೆಂಪು ಉಕ್ಕಿನದೊಂದನ್ನು ತೋರಿಸಿ ಅರ್ಥವೇನು ಅಂತ ಮಗಳನ್ನು ಕೇಳಿದರೆ, ‘ಅದಾ ಅಪ್ಪಾ? ಅದು ನಾವು ಸಂಜೆ ಸೇರೋ ಜಾಗ’ ಅಂದಳು. ಹುಡುಗರು ಅದರ ಮೇಲೇ ಕೂತು ಹರಟುತ್ತಾರೆ. ಇಷ್ಟು ದುಡ್ಡು ಸುರಿದು ಇವನ್ನೆಲ್ಲ ಯಾಕೆ ನಿಲ್ಲಿಸುತ್ತಾರೆ? ನೋಡುವುದಾದರೂ ಹೇಗೆ? ಕೆಲವು ಫೋಟೊ ಜೊತೆಗಿಟ್ಟಿದ್ದೇನೆ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ತಪ್ಪು ನಮ್ಮದೇ. ಆ ಲೇಖನದ ಜೊತೆ ನಾವು ಎಲ್ಲಿ ಏನಿದೆ ಎಂದು ಪಟ್ಟಿ ಹಾಕಿದ್ದೆವು. ಪಟ್ಟಿ ಕೊಟ್ಟರೆ ಜನ ಟಿಕ್ ಹಾಕುತ್ತಾ ಹೋಗುತ್ತಾರೆ, ಇನ್ನೇನು ಮಾಡುತ್ತಾರೆ? 23 ಶಿಲ್ಪಕ್ಕೆ ಎರಡು ಗಂಟೆ ಅಂದರೆ ಒಂದಕ್ಕೆ ಸುಮಾರು ಐದು ನಿಮಿಷ. ಅದರಲ್ಲಿ ಮೂರು ನಿಮಿಷ ನಡಿಗೆಗೆ, ಒಂದು ಫೋಟೊಗೆ. ನೋಡುವುದಕ್ಕೆ ಎಷ್ಟು ಉಳಿಯಿತು, ನೀವೇ ಲೆಕ್ಕ ಹಾಕಿ.

ಮಗಳು ಪ್ರಶ್ನೆಯಿಂದ ಜಾರಿಕೊಂಡಳು ಎಂದು ನಿಮಗೆ ಅನಿಸಿದಂತಿದೆ. ನನಗೆ ಹಾಗನ್ನಿಸಲಿಲ್ಲ. ನೀವು ಕಳಿಸಿದ ಫೋಟೊಗಳಲ್ಲಿ ಆ ಕೆಂಪು ಬಣ್ಣದ ಬಾಗಿದ ಉಕ್ಕಿನದನ್ನು ಮತ್ತೆ ಮತ್ತೆ ನೋಡಿದೆ. ಹುಲ್ಲುಹಾಸಿನ ಮೇಲೆ ಮೂರು ಕಡೆಯಿಂದ ಕಾಲುದಾರಿ ಬಿದ್ದಿದೆ. ಯಾರೂ ಕಲ್ಲು ಹಾಸಿ ಮಾಡಿದ ದಾರಿಯಲ್ಲ, ಓಡಾಡಿ ಓಡಾಡಿ ಹುಲ್ಲು ಸತ್ತು ಆದದ್ದು. ಮೂರೂ ಬಂದು ಸೇರುವುದು ಆ ಉಕ್ಕಿನ ಬುಡಕ್ಕೆ. ಕೆಳಗಿನ ಅಂಚಿನಲ್ಲಿ, ಕೂತರೆ ಸರಿಹೋಗುವ ಎತ್ತರದಲ್ಲಿ, ಒಂದು ಗೇಣಗಲ ಬಣ್ಣ ಸವೆದು ಲೋಹ ಹೊಳೆಯುತ್ತಿದೆ. ಪಕ್ಕದಲ್ಲಿ ಯಾರೋ ಮರೆತು ಹೋದ ನೀರಿನ ಬಾಟಲಿ. ಸೇರೋ ಜಾಗ ಅಂದಳಲ್ಲ, ಅದಕ್ಕೆ ಸಾಕ್ಷಿ ನಿಮ್ಮ ಫೋಟೊದಲ್ಲೇ ಇದೆ. ಮ್ಯೂಸಿಯಂ ಶಿಲ್ಪವನ್ನು ನಾವು ಟಿಕೆಟ್ ತಗೊಂಡು ಒಂದು ಸಲ ನೋಡಿ ಬರುತ್ತೇವೆ. ಕ್ಯಾಂಪಸ್ ಶಿಲ್ಪದ ಪಕ್ಕ ಮೂರು ನಾಲ್ಕು ವರ್ಷ ದಿನಾ ಹಾದು ಹೋಗುತ್ತೇವೆ. ಇದನ್ನು ನೋಡುವ ರೀತಿಯೇ ಬೇರೆ. ನೀವು ಮ್ಯೂಸಿಯಂ ಕಣ್ಣು ಹಿಡಿದು ಹೋದಿರಿ, ಅಷ್ಟೇ.

ನನ್ನದೂ ಒಂದು ಕಥೆ ಇದೆ. ನಾನು ಓದಿದ ಕಡೆ ಲೈಬ್ರರಿ ಮುಂದೆ ಒಂದು ಸಿಮೆಂಟಿನ ಆಕೃತಿ ಇತ್ತು. ಮೂರು ವರ್ಷ ಅದಕ್ಕೆ ಸೈಕಲ್ ಒರಗಿಸಿ ಒಳಗೆ ಹೋಗುತ್ತಿದ್ದೆ. ಕೊನೆಯ ಪರೀಕ್ಷೆ ಮುಗಿದ ದಿನ, ಮಾಡಲು ಕೆಲಸವಿಲ್ಲದೆ ಅದರ ಎದುರು ಸುಮ್ನೆ ಕೂತಾಗ ಗೊತ್ತಾಯಿತು: ಅದು ಬಗ್ಗಿ ಓದುತ್ತಾ ಕೂತ ಒಬ್ಬ ಹೆಂಗಸು. ನಾನು ಸೈಕಲ್ ಒರಗಿಸುತ್ತಿದ್ದದ್ದು ಅವಳ ಬೆನ್ನಿಗೆ.

ಈಗ ಅರ್ಥದ ಪ್ರಶ್ನೆ. ಕೆಲವು ಕಲಾಕೃತಿಗಳ ಅರ್ಥ ಅವು ನಿಂತ ಜಾಗದಲ್ಲೇ ಇರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲೈಬ್ರರಿ ಎದುರು ಮಾಯಾ ಲಿನ್ ಮಾಡಿದ ಒಂದು ಕಲ್ಲಿನ ಮೇಜಿದೆ. 1993ರದ್ದು. ಹಸಿರು ಗ್ರಾನೈಟ್, ಮೊಟ್ಟೆಯಾಕಾರ. ಮೇಲ್ಮೈಯ ಒಂದು ತೂತಿನಿಂದ ನೀರು ಉಕ್ಕಿ, ತೆಳ್ಳಗೆ ಹರಡಿ, ಅಂಚಿನಿಂದ ಇಳಿಯುತ್ತದೆ. ದೂರದಿಂದ ಒಂದು ಚೆಂದದ ಕಾರಂಜಿ, ಅಷ್ಟೇ. ಹತ್ತಿರ ಹೋಗಿ ಬಗ್ಗಿದರೆ ನೀರಿನ ಕೆಳಗೆ ಅಂಕಿಗಳು ಕಾಣುತ್ತವೆ. ನಡುವಿನಿಂದ ಸುರುಳಿ ಸುತ್ತುತ್ತಾ ಹೊರಗೆ ಬರುತ್ತವೆ. ಮೊದಲು ಬರೀ ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ. ತುಂಬಾ ಹೊತ್ತು ಸೊನ್ನೆ. ಆಮೇಲೆ ಸಣ್ಣ ಸಂಖ್ಯೆ, ಆಮೇಲೆ ಸಾವಿರಗಳು. ಅದು ಆ ವಿಶ್ವವಿದ್ಯಾಲಯದಲ್ಲಿ ವರ್ಷ ವರ್ಷ ಓದಿದ ಹೆಣ್ಣುಮಕ್ಕಳ ಲೆಕ್ಕ. ಯೇಲ್ ಶುರುವಾದದ್ದು 1701ರಲ್ಲಿ. ಅಲ್ಲಿನ ಪದವಿ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1969ರಲ್ಲಿ. ಇದೇ ಮೇಜನ್ನು ಎತ್ತಿ ಯಾವುದೋ ಊರಿನ ಪಾರ್ಕಿನಲ್ಲಿಟ್ಟರೆ ಅದು ಮತ್ತೆ ಬರೀ ಕಾರಂಜಿ.

ಇನ್ನು ಕೆಲವು ಸುತ್ತು ಹಾಕಿದವರಿಗೇ ಸಿಗುವಂಥವು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವಿದೆ. 1942ರ ಡಿಸೆಂಬರ್ 2ರಂದು ಮನುಷ್ಯ ಮೊದಲ ಸಲ ಅಣು ಸರಪಳಿ ಕ್ರಿಯೆಯನ್ನು ಹತೋಟಿಯಲ್ಲಿ ನಡೆಸಿದ ಜಾಗ ಅದು. ಸರಿಯಾಗಿ 25 ವರ್ಷದ ನಂತರ, ಅದೇ ತಾರೀಖಿನಂದು ಶಿಲ್ಪದ ಅನಾವರಣ ಆಯಿತು. ನೋಡುವವನಿಗೆ ಅದು ಒಂದು ಗಳಿಗೆ ತಲೆಬುರುಡೆ, ಇನ್ನೊಂದು ಗಳಿಗೆ ಬಾಂಬಿನ ಅಣಬೆ ಮೋಡ. ಕೆಳಗೆ ಬಗ್ಗಿ ನೋಡಿದರೆ ಚರ್ಚಿನ ಕಮಾನುಗಳಂತೆ ಕಾಣುತ್ತದೆ. ಒಂದೇ ಕಡೆ ನಿಂತು ಕ್ಲಿಕ್ ಮಾಡಿದವರಿಗೆ ಇದರಲ್ಲಿ ಒಂದು ಮಾತ್ರ ಸಿಕ್ಕೀತು.

ಕೆಲವಂತೂ ಕಣ್ಣಿಗೇ ಬೀಳುವುದಿಲ್ಲ. ನನಗೆ ಇವೇ ಜಾಸ್ತಿ ಇಷ್ಟ. ಸ್ಯಾನ್ ಡಿಯೇಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನೀಲಗಿರಿ ಮರಗಳ ತೋಪಿದೆ. ಕಟ್ಟಡಕ್ಕೆ ಜಾಗ ಮಾಡಲು ಕಡಿದ ಮೂರು ಮರಗಳನ್ನು ಟೆರಿ ಆಲನ್ ಎಂಬ ಕಲಾವಿದ ಉಳಿಸಿಕೊಂಡು, ಸೀಸದ ತಗಡು ಸುತ್ತಿ, 1986ರಲ್ಲಿ ಮತ್ತೆ ನಿಲ್ಲಿಸಿದ. ಎರಡು ಮರ ಆ ತೋಪಿನೊಳಗೇ, ಜೀವ ಇರುವ ಮರಗಳ ನಡುವೆ ನಿಂತಿವೆ. ಬೂದು ಕಾಂಡ, ಬೂದು ಸೀಸ, ವ್ಯತ್ಯಾಸ ಗೊತ್ತಾಗುವುದಿಲ್ಲ. ಕ್ಲಾಸಿಗೆ ಓಡುವಾಗ ಮರದೊಳಗಿಂದ ಹಾಡು ಕೇಳಿಸುತ್ತದೆ. ಇನ್ನೊಂದು ಮರ ಪದ್ಯ ಹೇಳುತ್ತದೆ. ಮೂರನೆಯದು ಲೈಬ್ರರಿ ಹತ್ತಿರ ಇದೆ, ಅದು ಮಾತಾಡುವುದಿಲ್ಲ. ಲೈಬ್ರರಿ ಅಲ್ವಾ! ಈ ಮರಗಳನ್ನು ನಕ್ಷೆ ಹಿಡಿದು ಹುಡುಕಿದವರಿಗೆ ನಾನು ಮರುಗುತ್ತೇನೆ. ಏನೂ ಗೊತ್ತಿಲ್ಲದೆ ಒಂದು ಸಂಜೆ ಮರದ ದನಿ ಕೇಳಿ ಬೆಚ್ಚಿಬಿದ್ದವರು ಪುಣ್ಯವಂತರು.

ಅದೇ ಕ್ಯಾಂಪಸ್‌ನಲ್ಲಿ ಲೈಬ್ರರಿಗೆ ಏರಿ ಹೋಗುವ ಒಂದು ಹಾವಿದೆ. 560 ಅಡಿ ಉದ್ದದ ಕಾಲುದಾರಿ. ಸ್ಲೇಟ್ ಬಿಲ್ಲೆಗಳೇ ಹಾವಿನ ಹುರುಪೆ. ಅಲೆಕ್ಸಿಸ್ ಸ್ಮಿತ್ 1992ರಲ್ಲಿ ಮಾಡಿದ್ದು. ಅದನ್ನು ‘ನೋಡಲು’ ನಿಲ್ಲುವವರು ಕಡಿಮೆ, ಎಲ್ಲರೂ ತುಳಿದುಕೊಂಡೇ ಹೋಗುತ್ತಾರೆ. ಅದು ಇರುವುದೂ ಅದಕ್ಕೇ.

ಫಲಕ ಓದಿದರೂ ಏನೂ ತಿಳಿಯಲಿಲ್ಲ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಫಲಕವನ್ನು ನಂಬುವ ಮೊದಲು ಹಾರ್ವರ್ಡ್‌ನ ಪ್ರಸಿದ್ಧ ಪ್ರತಿಮೆಯ ಕಥೆ ಕೇಳಿ. ಡೇನಿಯಲ್ ಚೆಸ್ಟರ್ ಫ್ರೆಂಚ್ 1884ರಲ್ಲಿ ಮಾಡಿದ ಕಂಚಿನ ಮೂರ್ತಿ. ಪೀಠದ ಮೇಲಿರುವ ಬರಹ: ಜಾನ್ ಹಾರ್ವರ್ಡ್, ಸ್ಥಾಪಕ, 1638. ಕಾಲೇಜು ಸ್ಥಾಪನೆಯಾದದ್ದು 1636ರಲ್ಲಿ. ಜಾನ್ ಹಾರ್ವರ್ಡ್ ಸ್ಥಾಪಕನಲ್ಲ, ಪುಸ್ತಕ ಮತ್ತು ಆಸ್ತಿ ಬಿಟ್ಟುಹೋದ ದಾನಿ. ಮುಖವೂ ಅವನದಲ್ಲ, ಅವನ ಚಿತ್ರ ಒಂದೂ ಉಳಿದಿರಲಿಲ್ಲವಾದ್ದರಿಂದ ಶಿಲ್ಪಿ ಒಬ್ಬ ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡ. ಒಂದೇ ಸಾಲು, ಮೂರು ಸುಳ್ಳು. ಹಾಗಾಗಿ ನನ್ನ ಅಭ್ಯಾಸ, ಫಲಕವನ್ನು ಕೊನೆಗೆ ಓದುವುದು. ಮೊದಲು ನೋಡಿ, ನಿಮಗೇನು ಅನಿಸಿತೋ ಮನಸ್ಸಿನಲ್ಲಿ ಹೇಳಿಕೊಳ್ಳಿ, ಆಮೇಲೆ ಓದಿ. ಹೊಂದದಿದ್ದರೆ ನಿಮ್ಮದೇ ತಪ್ಪು ಎಂದುಕೊಳ್ಳಬೇಕಿಲ್ಲ.

ಕ್ಯಾಂಪಸ್‌ಗಳಲ್ಲಿ ಫಲಕಕ್ಕಿಂತ ಬಾಯಿಮಾತೇ ಗಟ್ಟಿ. ಹಾರ್ವರ್ಡ್ ಮೂರ್ತಿ ಮಾಡಿದ ಶಿಲ್ಪಿ ಫ್ರೆಂಚ್, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಮಾಡಿಕೊಟ್ಟ ವಿದ್ಯಾಮಾತೆಯ ಪ್ರತಿಮೆ ಇದೆ, 1903ರದ್ದು. ಅವಳ ನಿಲುವಂಗಿಯ ಮಡಿಕೆಯೊಳಗೆ ಪುಟ್ಟ ಗೂಬೆಯೊಂದು ಅಡಗಿದೆ. ಹೊಸ ಬ್ಯಾಚಿನಲ್ಲಿ ಅದನ್ನು ಮೊದಲು ಕಂಡುಹಿಡಿದವರೇ ತರಗತಿಗೆ ಮೊದಲಿಗರಾಗುತ್ತಾರಂತೆ. ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಕಾಲ್ಡರ್‌ನ 40 ಅಡಿ ಎತ್ತರದ ಉಕ್ಕಿನ ಹಾಯಿ ನಿಂತಿದೆ. ಪಕ್ಕದ ಎತ್ತರದ ಕಟ್ಟಡದ ಬುಡದಲ್ಲಿ ಗಾಳಿ ಜೋರಾಗಿ ಬಾಗಿಲೇ ತೆರೆಯಲಾಗುತ್ತಿರಲಿಲ್ಲ, ಗಾಳಿ ತಡೆಯಲೆಂದೇ ಇದನ್ನು ತಂದು ನಿಲ್ಲಿಸಿದರು ಎಂದು ಹುಡುಗರು ಹೇಳುತ್ತಾರೆ. ಗಾಳಿ ನಿಜ, ಕಾರಣ ಸುಳ್ಳು. ಆದರೆ ಇಂಥ ಕಥೆ ಹುಟ್ಟಿದ ಶಿಲ್ಪವನ್ನು ಯಾರೂ ಮರೆಯುವುದಿಲ್ಲ. ಮುಂದಿನ ಸಲ ಮಗಳ ಗೆಳತಿಯರನ್ನು, ತೋಟದ ಕೆಲಸದವರನ್ನು, ಗೇಟಿನ ಕಾವಲುಗಾರರನ್ನು ಕೇಳಿ ನೋಡಿ. ಒಂದಾದರೂ ಕಥೆ ಸಿಕ್ಕೇ ಸಿಗುತ್ತದೆ.

ಮೇಲೆ ಹತ್ತಿ ಕೂರುವುದರ ಬಗ್ಗೆ ನಿಮಗೆ ಬೇಸರ. ಅರ್ಧ ಒಪ್ಪುತ್ತೇನೆ. ಕಂಚಿಗೆ ಕೈ ತಾಗಿಸುವುದು ನಿಜಕ್ಕೂ ಒಳ್ಳೆಯದಲ್ಲ. ಬಯಲಿನ ಕಂಚಿಗೆ ಆಗಾಗ ಮೇಣ ಸವರಿ ಕಾಪಾಡುತ್ತಾರೆ. ಬೆವರಿನ ಉಪ್ಪು, ಕೈಯ ಉಜ್ಜಾಟ ಆ ಮೇಣವನ್ನೂ ಕೆಳಗಿನ ಬಣ್ಣವನ್ನೂ ತಿನ್ನುತ್ತದೆ. ಆ ಜಾನ್ ಹಾರ್ವರ್ಡ್‌ನ ಒಂದು ಬೂಟಿನ ತುದಿ, ಅದೃಷ್ಟಕ್ಕೆಂದು ಬಂದವರೆಲ್ಲ ಉಜ್ಜಿ, ಚಿನ್ನದ ಹಾಗೆ ಹೊಳೆಯುತ್ತದೆ. ಉಳಿದ ಮೈ ಕಪ್ಪು. ತುಕ್ಕು ಹಿಡಿದಂತೆ ಕಾಣುವ ಕೋರ್ಟೆನ್ ಉಕ್ಕಿನದು ಬೇರೆ ಲೆಕ್ಕ. ಅದರ ತುಕ್ಕೇ ಅದಕ್ಕೆ ರಕ್ಷೆ, ಒಳಗಿನ ಲೋಹವನ್ನು ಮುಚ್ಚಿಟ್ಟುಕೊಳ್ಳುತ್ತದೆ. ನಿಮ್ಮ ಹನ್ನೊಂದನೆಯ ಫೋಟೊದಲ್ಲಿರುವುದು ಅದೇ ಇರಬೇಕು. ‘ಬಣ್ಣ ಹೊಡೆಸಲೂ ಗತಿಯಿಲ್ಲವೇ’ ಎಂದು ಆ ಫೋಟೊದ ಹಿಂಬದಿಯಲ್ಲಿ ಬರೆದಿದ್ದೀರಿ, ಆ ಮಾತು ವಾಪಸ್ ತಗೊಳ್ಳಿ!

ಒಪ್ಪದ ಅರ್ಧ ಇದು: ಸ್ಯಾನ್ ಡಿಯೇಗೊದಲ್ಲೇ ನಿಕಿ ದ ಸೇಂಟ್ ಫಾಲ್ ಮಾಡಿದ ಬಣ್ಣಬಣ್ಣದ ದೊಡ್ಡ ಹಕ್ಕಿಯೊಂದು ಕಾಂಕ್ರೀಟ್ ಕಮಾನಿನ ಮೇಲೆ ನಿಂತಿದೆ. 1983ರಿಂದ. ವಿದ್ಯಾರ್ಥಿಗಳು ಅದಕ್ಕೆ ವೇಷ ಹಾಕಿದ್ದಾರೆ, ಪದವಿ ಟೋಪಿ ತೊಡಿಸಿದ್ದಾರೆ, ಅದರ ಹೆಸರಲ್ಲಿ ಹಬ್ಬ ಮಾಡುತ್ತಾರೆ. ಇದನ್ನು ಅಗೌರವ ಅನ್ನಲು ನನ್ನಿಂದಾಗದು. ಯೇಲ್‌ನಲ್ಲಿ 1969ರಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಗಲಾಟೆ ನಡೆಯುತ್ತಿದ್ದಾಗ, ವಿದ್ಯಾರ್ಥಿಗಳೇ ಕೇಳಿ ಕ್ಲಾಸ್ ಓಲ್ಡನ್‌ಬರ್ಗ್‌ನಿಂದ ಒಂದು ಶಿಲ್ಪ ಮಾಡಿಸಿದರು. ಯುದ್ಧ ಟ್ಯಾಂಕಿನಂಥ ಚಕ್ರಪಟ್ಟಿಯ ಮೇಲೆ ಒಂದು ದೈತ್ಯ ಲಿಪ್‌ಸ್ಟಿಕ್! ತುದಿ ಮೆತ್ತನೆಯದು, ಗಾಳಿ ತುಂಬಿ ನಿಲ್ಲಿಸಬೇಕಿತ್ತು. ಜನ ಅದರ ಮೇಲೆ ಬರೆದರು, ಪೋಸ್ಟರ್ ಅಂಟಿಸಿದರು, ಅದು ಹಾಳಾಯಿತು. ಕಲಾವಿದ ವಾಪಸ್ ಒಯ್ದು, ಗಟ್ಟಿಮುಟ್ಟಾಗಿ ಮತ್ತೆ ಮಾಡಿದ. 1974ರಲ್ಲಿ ಅದು ಮತ್ತೆ ಯೇಲ್‌ಗೆ ಬಂತು, ಈಗಲೂ ಇದೆ.

ದುಡ್ಡಿನ ವಿಚಾರ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬಹಳ ಕಡೆ ಇದು ಪಾಠಕ್ಕೋ ಹಾಸ್ಟೆಲ್‌ಗೋ ಹೋಗಬಹುದಾಗಿದ್ದ ದುಡ್ಡಲ್ಲ. ಪ್ರಿನ್ಸ್‌ಟನ್‌ನಲ್ಲಿರುವ ದೊಡ್ಡ ಶಿಲ್ಪ ಸಂಗ್ರಹ, ಎರಡನೇ ಮಹಾಯುದ್ಧದಲ್ಲಿ ಸತ್ತ ಒಬ್ಬ ವಿದ್ಯಾರ್ಥಿಯ ನೆನಪಿಗೆ ಹೆಸರು ಹೇಳದ ದಾನಿ ಕೊಟ್ಟ ಹಣದಿಂದ ಬಂದದ್ದು. ಶಿಲ್ಪ ಕೊಳ್ಳಲಿಕ್ಕೆ ಅಂತಲೇ ಕೊಟ್ಟ ಹಣ. ವಾಷಿಂಗ್ಟನ್ ರಾಜ್ಯದಲ್ಲಿ 1974ರಿಂದ ಕಾನೂನೇ ಇದೆ: ಸರ್ಕಾರಿ ಕಟ್ಟಡಗಳ ವೆಚ್ಚದಲ್ಲಿ ಶೇಕಡಾ ಅರ್ಧದಷ್ಟು ಕಲೆಗೆ. ನಿಮ್ಮ ಮಗಳ ಕ್ಯಾಂಪಸ್‌ನಲ್ಲಿ ಹಣ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಿಮಗಿದೆ, ಖಂಡಿತ ಕೇಳಿ. ಎಲ್ಲ ಶಿಲ್ಪವೂ ಕೊಟ್ಟ ಬೆಲೆಗೆ ತಕ್ಕದ್ದು ಎಂದು ನಾನು ವಾದ ಮಾಡುವುದಿಲ್ಲ. ಹೊಸ ಕಟ್ಟಡದ ಮುಂದೆ ಜಾಗ ಖಾಲಿ ಇದೆ ಅಂತ ತಂದಿಟ್ಟ ಸ್ಟೀಲ್ ಗೋಲಗಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ.

ಆದರೆ ದುಡ್ಡಿಲ್ಲದೆಯೂ ಆಗುತ್ತದೆ ಎನ್ನುವುದಕ್ಕೆ ಶಾಂತಿನಿಕೇತನಕ್ಕಿಂತ ಬೇರೆ ಬೇಕಿಲ್ಲ. ಅಲ್ಲಿ 1938ರಲ್ಲಿ ರಾಮ್‌ಕಿಂಕರ್ ಬೈಜ್ ಒಂದು ಸಂತಾಲ ಬುಡಕಟ್ಟಿನ ಕುಟುಂಬವನ್ನು ನಿಲ್ಲಿಸಿದರು. ನಿಲ್ಲಿಸಿದರು ಅನ್ನುವುದು ತಪ್ಪು, ನಡೆಸಿದರು. ಗಂಡ, ಹೆಂಡತಿ, ಮಕ್ಕಳು, ಜೊತೆಗೊಂದು ನಾಯಿ, ಇದ್ದಬದ್ದ ಸಾಮಾನು ಹೊತ್ತು ಹೊರಟಿದ್ದಾರೆ. ಅಮೃತಶಿಲೆ ಇಲ್ಲ, ಕಂಚಿಲ್ಲ. ಸಿಮೆಂಟಿಗೆ ಆ ಸೀಮೆಯ ಕೆಂಪು ಜಂಬಿಟ್ಟಿಗೆಯ ಹರಳು ಬೆರೆಸಿ, ಕಬ್ಬಿಣದ ಹಂದರದ ಮೇಲೆ ಮೆತ್ತಿದ್ದು. ಹಾಗಾಗಿ ಮೈಯೆಲ್ಲ ತರಿತರಿ, ನೆಲವೇ ಎದ್ದು ನಡೆದ ಹಾಗೆ. ರಾಜರಿಗೂ ನಾಯಕರಿಗೂ ಮಾತ್ರ ಮೂರ್ತಿ ಮಾಡುತ್ತಿದ್ದ ಕಾಲದಲ್ಲಿ, ಕೂಲಿ ಹುಡುಕಿ ಹೊರಟವರನ್ನು ಅಷ್ಟು ದೊಡ್ಡದಾಗಿ ಮಾಡಿದರು. 1956ರಲ್ಲಿ ಅವರೇ ಮಾಡಿದ ಇನ್ನೊಂದು ಶಿಲ್ಪದಲ್ಲಿ ಇಬ್ಬರು ಹೆಂಗಸರು ಗಿರಣಿಯ ಕೂಗು ಕೇಳಿ ಓಡುತ್ತಿದ್ದಾರೆ, ಒದ್ದೆ ಸೀರೆ ಗಾಳಿಗೆ ಹಾರುತ್ತಿದೆ, ಹಿಂದೆ ಮಗು. ಎರಡಕ್ಕೂ ಅರ್ಥ ಬಿಡಿಸಿ ಹೇಳಬೇಕೇ?

ಈ ಸಲ ನಕ್ಷೆ ಮಗಳ ಬಳಿಯೇ ಇರಲಿ. ಒಂದೇ ಶಿಲ್ಪ ಆರಿಸಿಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ನೆರಳು ಉದ್ದವಾದಾಗ ಒಮ್ಮೆ ಹೋಗಿ. ಮಳೆ ಬಂದರೆ ಇನ್ನೂ ಒಳ್ಳೆಯದು, ಕಲ್ಲಿನ ಬಣ್ಣ ಆಗಲೇ ಹೊರಬರುವುದು. ಕಾಲು ನೋವು ಬಂದರೆ ಎದುರಿನ ಬೆಂಚಿನಲ್ಲಿ ಕೂತು ಯಾರು ಬರುತ್ತಾರೆ, ಎಲ್ಲಿ ಒರಗುತ್ತಾರೆ ನೋಡಿ.

ಆ ಕೆಂಪು ಉಕ್ಕಿನದನ್ನೇ ಆರಿಸಿದರೆ ನನಗೆ ಖುಷಿ. ಒಂದು ವಿಷಯ ತಿಳಿಯಬೇಕಿದೆ. ನೀವು ಅದರ ಆರು ಫೋಟೊ ಕಳಿಸಿದ್ದೀರಿ, ಆರೂ ಮುಂದಿನಿಂದ ತೆಗೆದವು. ಮೂರು ಕಾಲುದಾರಿಗಳಲ್ಲಿ ಒಂದು ಬುಡ ದಾಟಿ ಹಿಂದಕ್ಕೆ ಹೋಗುತ್ತದೆ. ಹಿಂದೆ ಏನಿದೆ, ಬರೆದು ತಿಳಿಸಿ.