ಆನೆ ಚಿತ್ರ ಹಾಕಿದರೆ ಹುಡುಗರು ಹೊಡೆದಾಡಿಕೊಂಡರು!

ಪ್ರಶ್ನೆ: ನಾನು ಸಕಲೇಶಪುರ ಕಡೆ ಆರನೇ ತರಗತಿಯ ಟೀಚರ್. ಟಿವಿಯಲ್ಲಿ ಕಾಡಾನೆಗಳ ಸಾಕ್ಷ್ಯಚಿತ್ರ ಹಾಕಿದ್ದೆ. ಒಬ್ಬ ‘ಇವಕ್ಕೆಲ್ಲ ಗುಂಡು ಹೊಡೀಬೇಕು’ ಅಂದ, ಇನ್ನೊಬ್ಬ ‘ನಿಮ್ಮಂಥೋರು ಕಾಡು ಕಡಿದಿದ್ದಕ್ಕೇ ಅವು ಬರೋದು’ ಅಂದ. ಹೊಡೆದಾಟದಲ್ಲಿ ಒಬ್ಬನ ಜಾಮಿಟ್ರಿ ಬಾಕ್ಸ್ ಮುರಿಯಿತು. ಈಗ ಇಬ್ಬರೂ ಮಾತು ಬಿಟ್ಟಿದ್ದಾರೆ. ಹೆಡ್‌ಮಾಸ್ಟರ್ ಇನ್ನು ಚಿತ್ರವೇ ಬೇಡ ಅಂತಾರೆ. ಏನು ಮಾಡಲಿ?

ಉತ್ತರ: ಚಿತ್ರ ನಿಲ್ಲಿಸಬೇಡಿ ಮೇಡಂ. ತೋರಿಸೋ ರೀತಿ ಬದಲಿಸಿ.

ಗುಂಡು ಹೊಡೀಬೇಕು ಅಂದ ಹುಡುಗನ ಮನೆ ಎಲ್ಲಿದೆ, ವಿಚಾರಿಸಿದ್ದೀರಾ? ತೋಟದ ಕೂಲಿಯವರ ಲೈನ್ ಮನೆಯವನೋ, ಗದ್ದೆ ಕಳೆದುಕೊಂಡವರ ಮಗನೋ ಇರಬಹುದು. ನಿಮ್ಮ ಕಡೆ ಆನೆ ಅಂದ್ರೆ ಸಂಜೆ ಆದಮೇಲೆ ಅಂಗಡಿಗೆ ಹೋಗೋಕೂ ಭಯ, ಬೆಳಗ್ಗೆ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದ ಅಮ್ಮ ವಾಪಸ್ ಬರೋವರೆಗೂ ಭಯ. ಅಂಥ ಮಗುವಿಗೆ ಹಿನ್ನೆಲೆ ಸಂಗೀತ ಹಾಕಿ ಮರಿಯಾನೆ ನೀರಾಡೋದನ್ನು ತೋರಿಸಿದರೆ ಸಿಟ್ಟು ಬರದೆ ಇನ್ನೇನು?

ಮೊದಲು ಜಗಳ ಮುಗಿಸಿ. ತರಗತಿ ಮುಂದೆ ನಿಲ್ಲಿಸಿ ‘ಸಾರಿ ಹೇಳು’ ಅನ್ನಬೇಡಿ, ಅದು ಸುಮ್ನೆ ಬಾಯಿಮಾತು. ಒಬ್ಬೊಬ್ಬರನ್ನೇ ಕರೆದು ಕೂರಿಸಿ, ಪೂರ್ತಿ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ಇಬ್ಬರನ್ನೂ ಸೇರಿಸಿ ‘ಅವನು ಏನು ಹೇಳಿದ, ನೀನು ಹೇಳು’ ಅನ್ನಿ. ಎದುರಿನವನು ‘ಹೌದು, ನಾನು ಹೇಳಿದ್ದು ಅದೇ’ ಅನ್ನೋವರೆಗೂ ಬಿಡಬೇಡಿ. ಜಾಮಿಟ್ರಿ ಬಾಕ್ಸಿಗೆ ಏನು ಮಾಡೋದು ಅಂತ ಅವರೇ ತೀರ್ಮಾನಿಸಲಿ. ‘ನಿಮ್ಮಂಥೋರು’ ಅನ್ನೋ ಮಾತು ಮಾತ್ರ ತರಗತಿಯಲ್ಲಿ ನಡೆಯೋಲ್ಲ ಅಂತ ಖಡಕ್ಕಾಗಿ ಹೇಳಿ.

ಇನ್ನು ಚಿತ್ರ. ಒಂದು ಗಂಟೆಯ ಸಾಕ್ಷ್ಯಚಿತ್ರ ಪೂರ್ತಿ ಯಾಕೆ? ಐದಾರು ನಿಮಿಷದ ತುಣುಕು ಸಾಕು. ಅದೇ ಆನೆ ಭಾಗವನ್ನು ಸೌಂಡ್ ಆಫ್ ಮಾಡಿ ಹಾಕಿ, ಗುಂಡು ಹೊಡೀಬೇಕು ಅಂದ ಹುಡುಗ ಒಪ್ಪಿದರೆ ವಿವರಣೆ ಅವನೇ ಕೊಡಲಿ. ಒಂಟಿ ಸಲಗ ಹೇಗೆ ಬರುತ್ತೆ, ಹೆಣ್ಣಾನೆಗಳ ಹಿಂಡು ಹೇಗೆ, ಬೇಲಿ ಹೇಗೆ ದಾಟುತ್ತವೆ ಅನ್ನೋದು ಅವನಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತೆ. ಇನ್ನೊಬ್ಬನಿಗೆ ಲೆಕ್ಕ ಕೊಡಿ: ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು, 2023ರ ಗಣತಿಯಲ್ಲಿ ರಾಜ್ಯದಲ್ಲಿದ್ದ ಆನೆ 6,395. ಇಷ್ಟಕ್ಕೆಲ್ಲ ಮೇವು ಎಲ್ಲಿಂದ ಬರುತ್ತೆ, ಕಾಡಲ್ಲಿ ಹುಲ್ಲು ಕಿತ್ತು ತಿನ್ನೋದು ಸುಲಭವೋ, ತೆನೆ ತುಂಬಿದ ಗದ್ದೆಯೋ? ಕಾಡು ಕಡಿದವರು ಯಾರು ಅನ್ನೋ ಪ್ರಶ್ನೆಯೂ ಬರುತ್ತೆ, ಬರಲಿ. ಬ್ರಿಟಿಷರ ಕಾಲದ ಕಾಫಿ ತೋಟದಿಂದ ಹಿಡಿದು ಹೇಮಾವತಿ ಅಣೆಕಟ್ಟಿನವರೆಗೆ ಮಾತಾಡಬಹುದು. ಅದು ಲೈನ್ ಮನೆ ಹುಡುಗನ ತಪ್ಪಲ್ಲ ಅಂತ ಮಕ್ಕಳಿಗೆ ಆಗ ತಾನಾಗೇ ಗೊತ್ತಾಗುತ್ತೆ.

ಪಟಾಕಿ ಹೊಡೆದು ಆನೆ ಓಡಿಸೋ ವಾಟ್ಸಾಪ್ ವಿಡಿಯೋ ಮಾತ್ರ ಹಾಕಬೇಡಿ, ಮಕ್ಕಳು ಅದನ್ನೇ ಆಟ ಅಂದುಕೊಳ್ತಾರೆ.

ಹೆಡ್‌ಮಾಸ್ಟರನ್ನು ಒಪ್ಪಿಸೋಕೆ ಮುಂದಿನ ಸಲ ಮಂಗಟ್ಟೆ ಹಕ್ಕಿಯ ತುಣುಕು ಹಾಕಿ. ಹೆಣ್ಣು ಮರದ ಪೊಟರೆಯಲ್ಲಿ ಕೂತು ಬಾಗಿಲು ಮುಚ್ಚಿಕೊಳ್ಳುತ್ತೆ, ಗಂಡು ಸಣ್ಣ ಸೀಳಿನಿಂದ ಹಣ್ಣು ಕೊಡುತ್ತೆ. ಅವರನ್ನೂ ಹಿಂದಿನ ಬೆಂಚಲ್ಲಿ ಕೂರಿಸಿ.